ಸ್ವಿಚ್‌ನಲ್ಲಿ ಟೋ ಎಡ್ಜ್‌ಗೆ ತಿರುಗುವಾಗ ಅಂಗಾತ ಬೀಳುತ್ತಿದ್ದೇನೆ: ತಪ್ಪು ಬೈಂಡಿಂಗ್‌ನದೋ, ನಿಲುವಿನದೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ರೆಗ್ಯುಲರ್ ಸವಾರ, ಅಂದರೆ ಎಡಗಾಲನ್ನು ಮುಂದಿಟ್ಟು ಸ್ನೋಬೋರ್ಡ್ ಓಡಿಸುವವನು. ಮಧ್ಯಮ ಇಳಿಜಾರುಗಳಲ್ಲಿ ಎರಡೂ ಕಡೆಯ ತಿರುವುಗಳನ್ನು ಜೋಡಿಸಿಕೊಂಡು ಧೈರ್ಯವಾಗಿ ಇಳಿಯುತ್ತೇನೆ. ಈಗ ಬಲಗಾಲು ಮುಂದಾಗುವ ಸ್ವಿಚ್ ನಿಲುವನ್ನು ಕಲಿಯುತ್ತಿದ್ದೇನೆ.

ಹಿಮ್ಮಡಿ ಕಡೆಯ ಅಂಚಿನ, ಅಂದರೆ ಹೀಲ್ ಎಡ್ಜ್‌ನ ತಿರುವು ಒಂದು ಮಟ್ಟಿಗೆ ಬರುತ್ತಿದೆ. ಅಲ್ಲಿಂದ ಕಾಲ್ಬೆರಳ ಕಡೆಯ ಅಂಚಿಗೆ, ಅಂದರೆ ಟೋ ಎಡ್ಜ್‌ಗೆ ಹೋಗುವಾಗ ಮಾತ್ರ ಬೋರ್ಡು ತಿರುಗದೆ ನೇರವಾಗಿ ಕೆಳಕ್ಕೆ ಓಡತೊಡಗುತ್ತದೆ. ವೇಗ ಏರಿದೊಡನೆ ಹಿಂದಿನ ಕಾಲಿನಿಂದ ಅದನ್ನು ಒದ್ದು ತಿರುಗಿಸುತ್ತೇನೆ. ಮರುಕ್ಷಣವೇ ಹೀಲ್ ಎಡ್ಜ್ ಹಿಮಕ್ಕೆ ಕಚ್ಚಿ ಅಂಗಾತ ಬೀಳುತ್ತೇನೆ. ಬೂಟುಗಳನ್ನು ಬೋರ್ಡಿಗೆ ಬಿಗಿಯುವ ಬೈಂಡಿಂಗ್‌ಗಳ ಕೋನಗಳು ಎಡಗಾಲಿಗೆ +21 ಡಿಗ್ರಿ, ಬಲಗಾಲಿಗೆ +3 ಡಿಗ್ರಿ ಇವೆ. ಬೋರ್ಡು ಡೈರೆಕ್ಷನಲ್ ಟ್ವಿನ್. ಬೈಂಡಿಂಗ್‌ಗಳನ್ನು ಬದಲಿಸಬೇಕೇ, ಅಥವಾ ಹೀಗೆಯೇ ಅಭ್ಯಾಸ ಮುಂದುವರಿಸಿದರೆ ಸರಿಹೋಗುತ್ತದೆಯೇ?

ಮೊದಲ ಉತ್ತರ

ಬದಲಿಸಲೇಬೇಕು. ಈ ಕೋನಗಳಲ್ಲಿ ನಿಮ್ಮ ಎರಡೂ ಪಾದಗಳು ಬೋರ್ಡಿನ ಮೂತಿಯ, ಅಂದರೆ ಮುಂದಿನ ತುದಿಯ ಕಡೆಗೆ ತಿರುಗಿವೆ. ಸ್ವಿಚ್‌ನಲ್ಲಿ ಬಾಲವೇ ಮುಂದಾಗುವುದರಿಂದ ಲೆಕ್ಕ ತಲೆಕೆಳಗಾಗುತ್ತದೆ: ಮುಂದಿರುವ ಬಲಗಾಲಿನ ಕೋನ –3, ಹಿಂದಿರುವ ಎಡಗಾಲಿನ ಕೋನ –21. ಎರಡು ಪಾದಗಳೂ ಹೋಗುವ ದಿಕ್ಕಿಗೆ ಬೆನ್ನು ಕೊಟ್ಟಂತೆ ಇರುವಾಗ ಸೊಂಟವೂ ಭುಜಗಳೂ ಅವುಗಳನ್ನೇ ಹಿಂಬಾಲಿಸುತ್ತವೆ.

ಎಡಗಾಲನ್ನು +15ಕ್ಕೆ ಇಳಿಸಿ, ಬಲಗಾಲನ್ನು –9ಕ್ಕೆ ತಂದು ನೋಡಿ; ಒಗ್ಗಿದರೆ ಮುಂದೆ –12ಕ್ಕೆ ಹೋಗಬಹುದು. ಸಾಮಾನ್ಯ ಬೈಂಡಿಂಗ್‌ನ ನಡುವಿನ ಬಿಲ್ಲೆಯ ಹಲ್ಲುಗಳು 3 ಡಿಗ್ರಿಗೊಂದರಂತೆ ಇರುತ್ತವೆ, ಆದ್ದರಿಂದ ಒಂದೊಂದೇ ಹಲ್ಲು ಸರಿಸುತ್ತಾ ಹೋಗುವುದು ಸುಲಭ. ಹೀಗೆ ಎರಡು ಪಾದಗಳೂ ಹೊರಮುಖವಾಗಿರುವ ಡಕ್ ನಿಲುವಿನಲ್ಲಿ ಎರಡು ದಿಕ್ಕುಗಳಿಗೂ ನ್ಯಾಯ ಸಿಗುತ್ತದೆ. ಗಟ್ಟಿ ಬೂಟು ತೊಟ್ಟು ಜಯಂಟ್ ಸ್ಲಾಲಮ್ ಎಂಬ ವೇಗದ ಇಳಿತದ ಪಂದ್ಯ ಓಡುವ ಸ್ಪರ್ಧಿಗಳು ಎರಡು ಪಾದಗಳನ್ನೂ ಮೂತಿಯ ಕಡೆಗೇ ಕಡಿದಾಗಿ ತಿರುಗಿಸಿಕೊಳ್ಳುತ್ತಾರೆ, ಏಕೆಂದರೆ ಅವರಿಗೆ ಸ್ವಿಚ್‌ನ ಅಗತ್ಯವೇ ಇಲ್ಲ. 2014ರಲ್ಲಿ ಸೋಚಿಯಲ್ಲಿ ಒಲಿಂಪಿಕ್ಸ್‌ಗೆ ಸೇರಿದ, ಜಿಗಿತ ಮತ್ತು ಕಸರತ್ತುಗಳ ಪಂದ್ಯವಾದ ಸ್ಲೋಪ್‌ಸ್ಟೈಲ್‌ನ ಸ್ಪರ್ಧಿಗಳು ಅರ್ಧ ಸುತ್ತು ತಿರುಗಿ ಇಳಿದಾಗಲೆಲ್ಲ ಸ್ವಿಚ್‌ನಲ್ಲಿಯೇ ಇರುತ್ತಾರೆ; ಅಲ್ಲಿ ಡಕ್ ನಿಲುವೇ ಸಾಮಾನ್ಯ.

ಬೋರ್ಡಿನ ವಿಷಯ: ಡೈರೆಕ್ಷನಲ್ ಟ್ವಿನ್‌ನ ಆಕಾರ ಎರಡು ತುದಿಗಳಲ್ಲಿಯೂ ಒಂದೇ ಆಗಿದ್ದರೂ ಬಾಗುವ ಗುಣ ಬೇರೆಯಿರಬಹುದು, ಅಥವಾ ಬೈಂಡಿಂಗ್‌ಗಳ ಸ್ಥಾನ ಬಾಲದ ಕಡೆಗೆ ಸ್ವಲ್ಪ ಸರಿದಿರಬಹುದು. ಸರಿದಿದ್ದರೆ ಮುಂದಿನ ರಂಧ್ರಗಳಿಗೆ ಹೋಗಿ ಆದಷ್ಟು ಮಧ್ಯಕ್ಕೆ ತನ್ನಿ. ಮಧ್ಯವನ್ನು ಗುರುತಿಸಲು ಬೋರ್ಡಿನ ಒಟ್ಟು ಉದ್ದವನ್ನು ಅಳೆಯಬೇಡಿ. ಹಿಮವನ್ನು ಮುಟ್ಟುವ ಅಂಚಿನ ಎರಡು ಕೊನೆಗಳಿಂದ ಅಳೆಯಿರಿ. ಮೂತಿ ಬಾಲಕ್ಕಿಂತ ಅಗಲವಾಗಿರುವ, ಆಳವಾದ ಪುಡಿಹಿಮಕ್ಕೆಂದೇ ಮಾಡಿದ ಬೋರ್ಡಾಗಿದ್ದರೆ ಸ್ವಿಚ್ ಕಲಿಯಲು ಬೇರೆ ಬೋರ್ಡು ಹುಡುಕಿಕೊಳ್ಳಿ ಎನ್ನುತ್ತಿದ್ದೆ. ನಿಮ್ಮದಕ್ಕೆ ಆ ತೊಂದರೆಯಿಲ್ಲ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಕೋನ ಸರಿಪಡಿಸಿದ ಮಾತ್ರಕ್ಕೆ ಈ ಬೀಳುವಿಕೆ ನಿಲ್ಲುವುದಿಲ್ಲ. ನೀವು ಬರೆದ ಒಂದು ವಾಕ್ಯದಲ್ಲಿಯೇ ರೋಗದ ಮೂಲವಿದೆ: “ಹಿಂದಿನ ಕಾಲಿನಿಂದ ಅದನ್ನು ಒದ್ದು ತಿರುಗಿಸುತ್ತೇನೆ.”

ಬೋರ್ಡು ಇಳಿಜಾರಿಗೆ ಅಡ್ಡಲಾಗಿರುವಾಗ ಮೇಲ್ಬದಿಯ ಅಂಚು ಮಾತ್ರ ಹಿಮವನ್ನು ಹಿಡಿದಿರಬೇಕು. ನೀವು ಒದ್ದಾಗ ಬೋರ್ಡು ಸರ್ರನೆ ಅಡ್ಡಕ್ಕೆ ಬರುತ್ತದೆ, ಆದರೆ ಅಷ್ಟರಲ್ಲಿ ಟೋ ಎಡ್ಜ್ ಇನ್ನೂ ಹಿಮವನ್ನು ಹಿಡಿದಿರುವುದಿಲ್ಲ. ಬೋರ್ಡು ಚಪ್ಪಟೆಯಾಗಿಯೇ ಇರುತ್ತದೆ, ಅಥವಾ ಹಿಮ್ಮಡಿಯ ಕಡೆಗೆ ಕೂದಲೆಳೆಯಷ್ಟು ವಾಲಿರುತ್ತದೆ. ಆ ಹೊತ್ತಿಗೆ ಹೀಲ್ ಎಡ್ಜ್ ಕೆಳಬದಿಗೆ ಬಂದುಬಿಟ್ಟಿರುವುದರಿಂದ ಅದು ಹಿಮಕ್ಕೆ ಸಿಕ್ಕಿಕೊಂಡು ನಿಮ್ಮನ್ನು ಬೆನ್ನ ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ಮೊದಲು ಅಂಚು ಬದಲಾಗಬೇಕು, ಆಮೇಲೆ ಬೋರ್ಡು ಅಡ್ಡವಾಗಬೇಕು. ಈ ಕ್ರಮ ತಪ್ಪಬಾರದು.

ಒದೆಯಬೇಕೆಂದು ಅನಿಸುವುದೇಕೆ ಎಂದರೆ, ರೆಗ್ಯುಲರ್ ಸವಾರನ ಎಡಗಾಲಿಗೆ ತಿರುವನ್ನು ಆರಂಭಿಸುವ ಕೆಲಸ ಗೊತ್ತಿದೆ, ಬಲಗಾಲಿಗೆ ಹಿಂಬಾಲಿಸುವುದಷ್ಟೇ ಗೊತ್ತಿದೆ. ಸ್ವಿಚ್‌ನಲ್ಲಿ ಬಲಗಾಲು ಮುಂದಾಳಾಗಬೇಕು; ಅದು ಸುಮ್ಮನಿದ್ದಾಗ ಎಡಗಾಲು ತಾನೇ ಕೆಲಸವನ್ನು ಕೈಗೆತ್ತಿಕೊಳ್ಳುತ್ತದೆ. ಮೈಭಾರವೂ ಹಳೆಯ ಅಭ್ಯಾಸದಂತೆ ಎಡಗಾಲಿನ ಮೇಲೆಯೇ, ಅಂದರೆ ಈಗ ಹಿಂದಿರುವ ಕಾಲಿನ ಮೇಲೆಯೇ ಉಳಿಯುತ್ತದೆ.

ತಿರುವಿನ ಆರಂಭವನ್ನು ಹೀಗೆ ಮಾಡಿ ನೋಡಿ. ಹೀಲ್ ಎಡ್ಜ್‌ನಲ್ಲಿ ನಿಧಾನವಾಗಿ ಅಡ್ಡ ಸಾಗುತ್ತಿರುವಾಗ ಬಲಗಾಲಿನ ಕಡೆಗೆ ಭಾರ ತನ್ನಿ. ಬಲ ಮೊಣಕಾಲು ಬಾಗಿ, ಬೂಟಿನ ನಾಲಗೆ ಕಣಕಾಲನ್ನು ಒತ್ತುತ್ತಿರುವುದು ನಿಮಗೆ ಗೊತ್ತಾಗಬೇಕು. ಈಗ ಬಲಗಾಲಿನ ಹೆಬ್ಬೆರಳಿನ ಬುಡವನ್ನು ಮಾತ್ರ ಕೆಳಕ್ಕೆ ಒತ್ತಿ. ಎಡ ಹಿಮ್ಮಡಿ ಇನ್ನೂ ತನ್ನ ಅಂಚನ್ನು ಹಿಡಿದೇ ಇರಲಿ. ಒದ್ದೆ ಬಟ್ಟೆಯನ್ನು ಹಿಂಡಿದಂತೆ ಬೋರ್ಡು ಎರಡು ಪಾದಗಳ ನಡುವೆ ಕೊಂಚ ತಿರುಚಿಕೊಳ್ಳುತ್ತದೆ, ಮುಂದಿನ ತುದಿ ತಾನಾಗಿಯೇ ಕೆಳಮುಖವಾಗುತ್ತದೆ, ಆ ಬದಿಯ ಟೋ ಎಡ್ಜ್ ಹಿಮವನ್ನು ಹಿಡಿಯತೊಡಗುತ್ತದೆ. ಹಿಡಿದದ್ದು ಅರಿವಿಗೆ ಬಂದ ಮೇಲೆ ಎಡಗಾಲಿನ ಬೆರಳುಗಳನ್ನೂ ಒತ್ತಿ, ಬೋರ್ಡು ತಿರುಗಿ ಮುಗಿಯುವವರೆಗೆ ಕಾಯಿರಿ. ಬೋರ್ಡು ನೇರ ಕೆಳಮುಖವಾಗಿರುವ ಆ ಗಳಿಗೆಯಲ್ಲಿ ಎದೆ ಝಲ್ಲೆನ್ನುವುದು ಸಹಜ, ಆದರೆ ಅಲ್ಲಿಯೇ ತಾಳ್ಮೆ ಬೇಕು. ಹಿಂದಕ್ಕೆ ವಾಲಿದರೆ ಮುಂದಿನ ಅಂಚು ಹಿಡಿತ ಬಿಡುತ್ತದೆ.

ದೃಷ್ಟಿ ಬಲಭುಜದ ಮೇಲಿಂದ ಹೋಗುವ ಕಡೆಗೇ ಇರಲಿ. ಬಲಗೈಯಿಂದ ಆ ಕಡೆಗೆ ಬೆರಳು ತೋರಿಸುತ್ತಾ ಹೋದರೆ ಭುಜ ಹಿಂದಕ್ಕೆ ತಿರುಗಿಕೊಳ್ಳುವುದು ತಪ್ಪುತ್ತದೆ.

ಇದನ್ನು ಅಗಲವಾದ, ಯಂತ್ರದಿಂದ ಹದಮಾಡಿದ ಹಸಿರು ಗುರುತಿನ, ಅಂದರೆ ಸುಲಭದ ಇಳಿಜಾರಿನಲ್ಲಿ, ಮೈ ದಣಿಯುವ ಮೊದಲೇ ಅಭ್ಯಾಸ ಮಾಡಿ. ತೀರಾ ಸಮತಟ್ಟಾದ ಇಕ್ಕಟ್ಟು ದಾರಿ ಸುಲಭವೆಂದು ತೋರಿದರೂ ಬೋರ್ಡು ಅಲ್ಲಿ ಚಪ್ಪಟೆಯಾಗಿಯೇ ಓಡುವುದರಿಂದ ಅಂಚು ಕಚ್ಚುವುದು ಹೆಚ್ಚು. ಮಣಿಕಟ್ಟಿನ ರಕ್ಷಾಕವಚ ಮತ್ತು ಹೆಲ್ಮೆಟ್ ಇಲ್ಲದೆ ಈ ಅಭ್ಯಾಸ ಬೇಡ. ನೀವು ಅಂಗಾತ ಬೀಳುತ್ತಿರುವಿರಿ, ತಲೆಯ ಹಿಂಭಾಗಕ್ಕೆ ಪೆಟ್ಟಾಗುವುದು ಇಂಥ ಬೀಳುವಿಕೆಯಲ್ಲಿಯೇ. ಇನ್ನೊಂದು ಮಾತನ್ನು ಹೇಳುವವರು ಕಡಿಮೆ: ಬೆನ್ನ ಹಿಂದಿನ ಕಣ್ಣಿಗೆ ಕಾಣದ ಬದಿ ರೆಗ್ಯುಲರ್‌ನಲ್ಲಿ ನಿಮ್ಮ ಎಡಕ್ಕಿದ್ದರೆ ಸ್ವಿಚ್‌ನಲ್ಲಿ ಬಲಕ್ಕೆ ಬರುತ್ತದೆ. ಹೀಲ್ ಎಡ್ಜ್ ತಿರುವಿಗೆ ಮುನ್ನ ಆ ಬದಿಯನ್ನು ಒಮ್ಮೆ ನೋಡಿಕೊಳ್ಳಿ. ಕೆಳಗಿರುವವರಿಗೆ ದಾರಿ ಬಿಡಬೇಕಾದವರು ಮೇಲಿನಿಂದ ಬರುವವರೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೋನಗಳನ್ನು +15, –12 ಮಾಡಿಕೊಂಡೆ. ಬಲಗಾಲಿನ ಹೆಬ್ಬೆರಳನ್ನು ಒತ್ತಿದೊಡನೆ ಬೋರ್ಡು ತಾನೇ ಕೆಳಮುಖವಾದದ್ದನ್ನು ಕಂಡು ಆಶ್ಚರ್ಯವಾಯಿತು. ಅಂಗಾತ ಬೀಳುವುದು ಬಹುಮಟ್ಟಿಗೆ ನಿಂತಿದೆ. ಎರಡು ತೊಂದರೆಗಳು ಉಳಿದಿವೆ. ಬಲ ಮೊಣಕಾಲಿನ ಒಳಬದಿಯಲ್ಲಿ ಎಳೆತವಾಗುತ್ತಿದೆ. ಮತ್ತು ತಿರುವುಗಳನ್ನು ಜೋಡಿಸಲು ಹೋದರೆ ಎರಡನೆಯದರಲ್ಲಿ ಗಾಬರಿಯಾಗಿ ರೆಗ್ಯುಲರ್‌ಗೆ ಮರಳಿಬಿಡುತ್ತೇನೆ.

ಮೊದಲ ಉತ್ತರ ನೀಡಿದವರು

ಬೋರ್ಡಿನ ಮೇಲೆ ನಿಂತು ಮೊಣಕಾಲು ಬಾಗಿಸಿ ಕೆಳಗೆ ನೋಡಿ. ಮಂಡಿಚಿಪ್ಪು ಬೂಟಿನ ತುದಿಯ ನೇರಕ್ಕೆ ಬರಬೇಕು. ಅದು ಒಳಕ್ಕೆ ಬೀಳುತ್ತಿದ್ದರೆ –12 ನಿಮ್ಮ ಸೊಂಟಕ್ಕೆ ಹೆಚ್ಚಾಗಿದೆ ಎಂದರ್ಥ. –6ಕ್ಕೆ ಇಳಿಸಿ ಪರೀಕ್ಷಿಸಿ. ಎರಡು ಪಾದಗಳ ಅಂತರ ತೀರಾ ಅಗಲವಾಗಿದ್ದರೂ ಇದೇ ಎಳೆತ ಬರುತ್ತದೆ. ಕೋನ ಬದಲಿಸಿದ ಮೇಲೆ ಹೈಬ್ಯಾಕ್‌ಗಳನ್ನು, ಅಂದರೆ ಬೈಂಡಿಂಗ್‌ನಲ್ಲಿ ಕಾಲಿನ ಹಿಂಬದಿಗೆ ಆನಿಕೆಯಾಗುವ ಫಲಕಗಳನ್ನು, ತಿರುಗಿಸಿ ಹೀಲ್ ಎಡ್ಜ್‌ಗೆ ಸಮಾನಾಂತರ ಮಾಡಿಕೊಳ್ಳಿ, ಮುಂದಕ್ಕೆ ವಾಲುವ ಮಟ್ಟವೂ ಎರಡರಲ್ಲಿ ಒಂದೇ ಇರಲಿ. ಇಷ್ಟಾದ ಮೇಲೂ ನೋವು ಉಳಿದರೆ ಸವಾರಿ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಎರಡನೆಯ ಉತ್ತರ ನೀಡಿದವರು

ಗಾಬರಿಗೆ ಮದ್ದು ಒಂದು ಹೆಜ್ಜೆ ಹಿಂದೆ ಹೋಗುವುದು. ತಿರುವುಗಳನ್ನು ಸದ್ಯಕ್ಕೆ ಜೋಡಿಸಬೇಡಿ. ಟೋ ಎಡ್ಜ್‌ನಲ್ಲಿ ಇಳಿಜಾರಿನ ಮೇಲ್ಬದಿಗೆ ಮುಖಮಾಡಿ ನಿಂತು ಬಲಗಾಲಿನ ಕಡೆಗೆ ಅಡ್ಡ ಸಾಗಿ. ಮುಂದಿನ ತುದಿಯನ್ನು ಕೊಂಚ ಕೆಳಕ್ಕೆ ಬಿಡಿ, ನೇರ ಕೆಳಮುಖವಾಗುವ ಮುನ್ನವೇ ಅದೇ ಅಂಚಿನಲ್ಲಿ ಮೇಲಕ್ಕೆ ತನ್ನಿ, ಮತ್ತೆ ಬಿಡಿ. ಹೀಗೆ ಇಳಿಜಾರಿನ ಅಗಲದುದ್ದಕ್ಕೂ ಹೋಗಿ, ಹೀಲ್ ಎಡ್ಜ್‌ನಲ್ಲಿಯೂ ಇದನ್ನೇ ಮಾಡಿ. ಆಮೇಲೆ ಒಂದು ತಿರುವು, ಪೂರ್ತಿ ನಿಲುಗಡೆ, ಉಸಿರು ತೆಗೆದುಕೊಂಡು ಇನ್ನೊಂದು ತಿರುವು. ನಿಲ್ಲುವ ಹೊತ್ತನ್ನು ಕ್ರಮೇಣ ಕಡಿಮೆ ಮಾಡುತ್ತಾ ಹೋದರೆ ತಿರುವುಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಹೆದರಿಕೆಯಾದಾಗ ರೆಗ್ಯುಲರ್‌ಗೆ ಮರಳುವ ಬದಲು ಇದ್ದ ಅಂಚಿನಲ್ಲಿಯೇ ಅಡ್ಡಕ್ಕೆ ಬಂದು ನಿಲ್ಲಿ, ಮತ್ತು ಹೊರಡುವಾಗ ಪುನಃ ಬಲಗಾಲನ್ನೇ ಮುಂದಿಡಿ. ಸಮತಟ್ಟಿನ ಜಾಗದಲ್ಲಿ ಎಡಗಾಲನ್ನು ಬಿಚ್ಚಿಕೊಂಡು, ಬಲಗಾಲೊಂದನ್ನೇ ಬೈಂಡಿಂಗ್‌ನಲ್ಲಿಟ್ಟು ತಳ್ಳಿಕೊಂಡು ಜಾರುವುದನ್ನೂ ಇದರ ಜೊತೆಗೆ ಮಾಡಿ. ಮುಂದಾಳುತನ ಆ ಕಾಲಿಗೆ ಬೇಗ ಬರುವುದು ಅಲ್ಲಿಯೇ.