ಪ್ಯಾಡಲ್ ಎಷ್ಟುದ್ದ, ಎಷ್ಟು ಗಡಸು? ಸಪ್ ಸರ್ಫಿಂಗ್ ಪ್ರಶ್ನೋತ್ತರ

ಅಡ್ಮಿನ್: ಸಪ್ ಸರ್ಫಿಂಗ್ ಅಂದರೆ ಬೋರ್ಡ್ ಮೇಲೆ ನಿಂತು ಪ್ಯಾಡಲ್ (ಹುಟ್ಟು) ಹಾಕುತ್ತಾ ಅಲೆ ಸವಾರಿ. ಇವತ್ತಿನ ಪ್ರಶ್ನೋತ್ತರ ಆ ಪ್ಯಾಡಲ್ ಬಗ್ಗೆ ಮಾತ್ರ. ಉತ್ತರ ಕೊಡುವವರು ಪ್ಯಾಡಲ್ ಅಳತೆ, ರಿಪೇರಿ ಎರಡೂ ಮಾಡುವ ನಮ್ಮ ಶಾಫ್ಟ್ ಮೇಡಂ. ಪ್ರಶ್ನೆಯ ಜೊತೆ ನಿಮ್ಮ ಎತ್ತರ, ತೂಕ, ಬೋರ್ಡ್ ಗಾತ್ರ ಎಷ್ಟು ಲೀಟರ್, ಈಗಿನ ಪ್ಯಾಡಲ್ ಉದ್ದ, ಬ್ಲೇಡ್ (ನೀರಿಗಿಳಿಯುವ ಅಗಲ ತುದಿ) ಅಳತೆ ಇಷ್ಟೂ ಇರಲಿ. ಫಾರ್ವರ್ಡ್ ಬೇಡ.

ಶಾಫ್ಟ್ ಮೇಡಂ: ನಮಸ್ಕಾರ. ಎಲ್ಲರೂ ಕೇಳೋದನ್ನ ಮೊದಲೇ ಹೇಳಿಬಿಡ್ತೀನಿ. ಉದ್ದ ಅಂದರೆ ಹ್ಯಾಂಡಲ್ ನೆತ್ತಿಯಿಂದ ಬ್ಲೇಡ್ ತುದಿವರೆಗೆ. ಇವೆರಡರ ಮಧ್ಯದ ಕೋಲೇ ಶಾಫ್ಟ್. ಅಲೆಗಾದರೆ ನಿಮ್ಮ ಎತ್ತರಕ್ಕೆ 4ರಿಂದ 6 ಇಂಚು ಸೇರಿಸಿ. ಹೊಸಬರು, ಗಾಳಿ ತುಂಬುವ ದಪ್ಪ ಬೋರ್ಡಿನವರು 7-8 ಸೇರಿಸಬಹುದು. ನಿಂತ ನೀರಲ್ಲಿ ಸುತ್ತಾಡೋಕೆ 8ರಿಂದ 10. ಅಲೆಗೆ ಯಾಕೆ ಗಿಡ್ಡ? ಅಲೆ ಮೇಲೆ ಮಂಡಿ ಬಗ್ಗಿಸಿಕೊಂಡೇ ಇರ್ತೀರಿ, ಎಡಕ್ಕೂ ಬಲಕ್ಕೂ ಪದೇ ಪದೇ ಬದಲಾಯಿಸ್ತೀರಿ, ಅಲೆ ಹಿಡಿಯೋಕೆ ಬೇಕಾಗಿರೋದು ನಾಲ್ಕೈದು ಚುರುಕಾದ ಸ್ಟ್ರೋಕ್, ನಾಲ್ಕು ಕಿಲೋಮೀಟರ್ ಎಳೆತ ಅಲ್ಲ. ಸಣ್ಣ ಬೋರ್ಡ್ ನಿಮ್ಮ ಭಾರಕ್ಕೆ ಕೆಳಗಿಳಿಯುತ್ತೆ, ಆಗ ನೀರು ಕಾಲಿಗೆ ಇನ್ನೂ ಹತ್ತಿರ. ಇದನ್ನ ಓದಿ ಆಮೇಲೆ ಕೇಳಿ.

ಮರಳುಕಾಲು: ಮೇಡಂ, ಎತ್ತರ 5 ಅಡಿ 6 ಇಂಚು. ಎಷ್ಟು ಉದ್ದ ತಗೊಳ್ಳಲಿ?

ಶಾಫ್ಟ್ ಮೇಡಂ: 70ರಿಂದ 72 ಇಂಚು. ಮೇಲಿನ ಲೆಕ್ಕವೇ.

ನೀರ್ಗುದುರೆ: ಮೇಡಂ, ಸ್ವಲ್ಪ ವಿವರವಾಗಿ ಬರೀತೀನಿ, ಕ್ಷಮಿಸಿ. ಎತ್ತರ 5 ಅಡಿ 8, ತೂಕ 72 ಕೆ.ಜಿ. ಮೊದಲು ನಿಂತ ನೀರಲ್ಲಿ ಮಾತ್ರ. ಈಗ ಅಲೆಗೆ 8 ಅಡಿ 6 ಇಂಚಿನ, 105 ಲೀಟರ್ ಬೋರ್ಡ್. ಪ್ಯಾಡಲ್ ಹಳೆಯದೇ: 78 ಇಂಚು, ಪೂರ್ತಿ ಕಾರ್ಬನ್, ತುಂಬಾ ಗಡಸು, ಬ್ಲೇಡ್ 100 ಚದರ ಇಂಚು. ಆರು ವಾರದಿಂದ ಬಲಭುಜದ ಮುಂದುಗಡೆ ನೋವು. ಕೈ ಮೇಲೆತ್ತಿದರೆ ಚುಳ್ ಅನ್ನುತ್ತೆ, ರಾತ್ರಿ ಆ ಮಗ್ಗುಲಲ್ಲಿ ಮಲಗೋಕಾಗಲ್ಲ. ಬಳುಕುವ ಶಾಫ್ಟ್ ತಗೊಂಡರೆ ಸರಿಹೋಗುತ್ತಾ?

ಕಾರ್ಬನ್‌ಪ್ರಿಯ: ಗಡಸು ಶಾಫ್ಟ್ ಬಿಡಬೇಡಿ ಸಾರ್. ಬಳುಕಿದರೆ ಶಕ್ತಿ ಎಲ್ಲಾ ಶಾಫ್ಟಿಗೇ ಹೋಗುತ್ತೆ. ನೋವಿನ ಸ್ಪ್ರೇ ಹೊಡೆದು ಇಳಿಯಿರಿ, ಹತ್ತು ನಿಮಿಷದಲ್ಲಿ ಮೈ ಬಿಸಿಯಾಗಿ ನೋವೇ ಗೊತ್ತಾಗಲ್ಲ.

ಶಾಫ್ಟ್ ಮೇಡಂ: @ಕಾರ್ಬನ್‌ಪ್ರಿಯ, ನೋವು ಗೊತ್ತಾಗದೆ ಇರೋದೇ ಇಲ್ಲಿ ಅಪಾಯ. ಸ್ಪ್ರೇ, ಮಾತ್ರೆ ಹಾಕಿಕೊಂಡು ಪ್ಯಾಡಲ್ ಮಾಡೋದು ಅಂದರೆ ಕೆರಳಿದ ಸ್ನಾಯುರಜ್ಜನ್ನ ಇನ್ನಷ್ಟು ಉಜ್ಜೋದು. ದಯವಿಟ್ಟು ಯಾರೂ ಮಾಡಬೇಡಿ.

@ನೀರ್ಗುದುರೆ, ರಾತ್ರಿ ಮಲಗೋಕಾಗದ ನೋವು ಆರು ವಾರದಿಂದ ಇದೆ ಅಂದರೆ ಮೊದಲು ವೈದ್ಯರು ಇಲ್ಲವೇ ಫಿಸಿಯೋಥೆರಪಿಸ್ಟ್. ನಾನು ನೋಡೋದು ಪ್ಯಾಡಲ್, ಭುಜ ಅಲ್ಲ. ಅವರು ಸರಿ ಅನ್ನೋವರೆಗೂ ಅಲೆ ಬೇಡ. ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ ಕಾಯಲೇ ಬೇಡಿ.

ಇನ್ನು ಪ್ಯಾಡಲ್. ನೀವು ಶಾಫ್ಟ್ ಮೇಲೆ ಗೂಬೆ ಕೂರಿಸ್ತಿದ್ದೀರಿ. ಶಾಫ್ಟ್ ಮೂರನೇ ಆರೋಪಿ. ಮೊದಲನೆಯದು ಬ್ಲೇಡ್. 100 ಚದರ ಇಂಚು ಅಂದರೆ 645 ಚದರ ಸೆಂ.ಮೀ. ಬೋರ್ಡ್ ನಿಂತಲ್ಲೇ ಇರುವಾಗ ಅಷ್ಟು ಅಗಲದ ಬ್ಲೇಡ್ ನೀರಲ್ಲಿ ಹೂತು ಜೋರಾಗಿ ಎಳೆದರೆ ನೀರು ಜಾರಲ್ಲ, ಭುಜ ಜಾರಬೇಕು ಅಷ್ಟೇ. ಅಲೆ ಹಿಡಿಯೋದು ಅಂದರೆ ಪ್ರತಿ ಸಲ ನಿಂತಲ್ಲಿಂದ ಹೊರಡೋದು. ನಿಂತ ನೀರಲ್ಲಿ ಬೋರ್ಡ್ ಆಗಲೇ ಓಡ್ತಿರುತ್ತೆ, ಹಾಗಾಗಿ ಅಲ್ಲಿ ನೋವು ಬರಲಿಲ್ಲ. ನಿಮ್ಮ ತೂಕಕ್ಕೆ 82ರಿಂದ 85 ಚದರ ಇಂಚು ಸಾಕು. ಒಂದೊಂದು ಸ್ಟ್ರೋಕ್ ಸ್ವಲ್ಪ ಖಾಲಿ ಅನಿಸುತ್ತೆ, ಅದಕ್ಕೆ ವೇಗವಾಗಿ ಹಾಕಿ.

ಎರಡನೆಯದು ಉದ್ದ. 68 ಇಂಚಿನ ಮನುಷ್ಯನಿಗೆ 78 ಅಂದರೆ 10 ಜಾಸ್ತಿ. ಮಂಡಿ ಬಗ್ಗಿಸಿದ ಮೇಲೆ ಅದು 14-15ರಂತೆ ವರ್ತಿಸುತ್ತೆ. ಬ್ಲೇಡ್ ನೀರಿಗೆ ಹೂಳುವಾಗ ಮೇಲಿನ ಕೈ ತಲೆಗಿಂತ ಮೇಲೆ ಹೋಗುತ್ತೆ, ಮೊಣಕೈ ಹೊರಕ್ಕೆ ತಿರುಗುತ್ತೆ, ಆ ಭಂಗಿಯಲ್ಲೇ ಪೂರ್ತಿ ಭಾರ ಬೀಳುತ್ತೆ. ನೋವು ಇರೋದು ಬಲಭುಜದಲ್ಲಿ. ಹಾಗಾದರೆ ನೀವು ಜಾಸ್ತಿ ಎಡಪಕ್ಕಕ್ಕೇ ಹಾಕ್ತೀರಿ, ಆಗ ಬಲಗೈ ಮೇಲಿರುತ್ತೆ. ಹೌದೋ ಅಲ್ಲವೋ?

ನೀವೇ ನೋಡಿಕೊಳ್ಳೋಕೆ: ದಡದಿಂದ ಯಾರಾದರೂ ಪಕ್ಕದಿಂದ ವಿಡಿಯೊ ತೆಗೀಲಿ. ನೀವು ಎಳೆಯೋಕೆ ಶುರು ಮಾಡಿದ ಕ್ಷಣಕ್ಕೆ ವಿಡಿಯೊ ನಿಲ್ಲಿಸಿ. ಬ್ಲೇಡ್-ಶಾಫ್ಟ್ ಸೇರುವ ಕುತ್ತಿಗೆ ನೀರಿನ ಮಟ್ಟದಲ್ಲಿರಬೇಕು, ಮೇಲಿನ ಕೈ ಕಣ್ಣು-ಹಣೆ ಮಟ್ಟದಲ್ಲಿ. ಕೈ ನೆತ್ತಿ ದಾಟಿದ್ದರೆ ಪ್ಯಾಡಲ್ ಉದ್ದ. ಕೈ ಸರಿಯಿದ್ದು ಸೊಂಟ ಮುರಿದಂತೆ ಬಗ್ಗಿದ್ದರೆ ಗಿಡ್ಡ. ಕೈ ಸರಿ, ಸೊಂಟ ಸರಿ, ಬ್ಲೇಡ್ ಅರ್ಧ ಹೊರಗೆ ಅಂದರೆ ಉದ್ದದ ತಪ್ಪಲ್ಲ, ಅವಸರ.

ಆದರೆ ಒಂದೇ ಸಲಕ್ಕೆ 73ಕ್ಕೆ ಕತ್ತರಿಸಬೇಡಿ. ಮೊದಲು 75, ಆಮೇಲೆ 74. ಕತ್ತರಿಸಿದ್ದನ್ನ ಅಂಟಿಸೋಕಾಗಲ್ಲ. ಇನ್ನೊಂದು: ಉದ್ದ ಇಳಿದರೆ ಶಾಫ್ಟ್ ಇನ್ನೂ ಗಡಸಾಗುತ್ತೆ. ಬಾಗುವಿಕೆ ಉದ್ದದ ಘನಕ್ಕೆ ತಕ್ಕಂತೆ. ಸಮ ದಪ್ಪದ ಕೊಳವೆ ಅಂದುಕೊಂಡರೆ, 80 ಇಂಚನ್ನ 75 ಮಾಡಿದಾಗ ಅದೇ ಭಾರಕ್ಕೆ ಬಾಗೋದು ಸುಮಾರು ಶೇ. 18ರಷ್ಟು ಕಡಿಮೆ. ಈಗಲೇ ಕೋಲಿನಂತಿರೋದು ಇನ್ನೂ ಕೋಲಾಗುತ್ತೆ. ಹಾಗಾಗಿ ನಿಮಗೆ ಈ ಪ್ಯಾಡಲ್ ಕತ್ತರಿಸೋದಕ್ಕಿಂತ ಸಣ್ಣ ಬ್ಲೇಡ್, ಮಧ್ಯಮ ಬಳುಕಿನ ಶಾಫ್ಟ್ ಇರೋ ಬೇರೆಯದೇ ಒಳ್ಳೇದು. ಹಳೆಯದು ನಿಂತ ನೀರಿಗೆ ಇರಲಿ.

ನೀರ್ಗುದುರೆ: ಹೌದು ಮೇಡಂ, ಎಡಪಕ್ಕಕ್ಕೇ ಜಾಸ್ತಿ! ವಿಡಿಯೊ ತೆಗೆಸ್ತೀನಿ. ಡಾಕ್ಟರ ಹತ್ತಿರಾನೂ ಹೋಗ್ತೀನಿ.

ಮಂಡಿಬಗ್ಗಿಸು: ಹೈಟ್ 5.6, ಸಪ್ ಸರ್ಫಿಂಗ್‌ಗೆ ಎಷ್ಟು ಇಂಚು?

ಶಾಫ್ಟ್ ಮೇಡಂ: ಮೇಲೆ ಇದೆ.

ಕಾರ್ಬನ್‌ಪ್ರಿಯ: ಒಂದು ಡೌಟು. ಉದ್ದ ಜಾಸ್ತಿ ಇದ್ದರೆ ಸನ್ನೆಕೋಲು ಜಾಸ್ತಿ, ಬಲ ಜಾಸ್ತಿ ಅಲ್ವಾ? ಶಾಲೆಯಲ್ಲಿ ಓದಿದ್ದು.

ಹಳೇಬೋರ್ಡು: ಶಾಲೆಯಲ್ಲಿ ಪೂರ್ತಿ ಓದಿಲ್ಲ ಅನ್ಸುತ್ತೆ. ಕೈಗೂ ಬ್ಲೇಡಿಗೂ ದೂರ ಜಾಸ್ತಿ ಆದಷ್ಟು ಕೈಗೆ ಭಾರ. ಸೈಕಲ್ಲಲ್ಲಿ ದೊಡ್ಡ ಗೇರ್ ಹಾಕಿ ದಿಣ್ಣೆ ಹತ್ತಿದ ಹಾಗೆ.

ಕಾರ್ಬನ್‌ಪ್ರಿಯ: ದೊಡ್ಡ ಗೇರಲ್ಲೇ ಸ್ಪೀಡ್ ಬರೋದು ಗುರುವೇ.

ಹಳೇಬೋರ್ಡು: ಓಡ್ತಿರೋವಾಗ. ನಿಂತಲ್ಲಿಂದ ಅಲ್ಲ. ಮೇಡಂ ಬರೆದಿದ್ದನ್ನ ಓದಿದ್ದೀರಾ?

ಶಾಫ್ಟ್ ಮೇಡಂ: ಗೇರಿನ ಹೋಲಿಕೆ ಸರಿ. ಅಲ್ಲಿಗೆ ಬಿಡಿ.

ತೆರೆನೊರೆ: ಮೇಡಂ, ಎರಡು ವರ್ಷದ ಕಾರ್ಬನ್ ಪ್ಯಾಡಲ್. ಹೋದ ವಾರ ಬೋರ್ಡಿಂದ ಬಿದ್ದಾಗ ಶಾಫ್ಟ್ ಮೇಲೇ ಮಂಡಿ ಊರಿದ್ದಾಯ್ತು. ಈಗ ಪ್ರತಿ ಸ್ಟ್ರೋಕಿಗೂ ‘ಟಿಕ್’ ಅಂತ ಸದ್ದು. ಹೊರಗಡೆ ಏನೂ ಕಾಣಲ್ಲ. ಬಳುಕು ಕೂಡ ಸ್ವಲ್ಪ ಜಾಸ್ತಿ ಆದಂತಿದೆ, ಭುಜಕ್ಕೆ ಹಾಯ್ ಅನಿಸ್ತಿದೆ! ಹೀಗೇ ಬಳಸಬಹುದಾ?

ಶಾಫ್ಟ್ ಮೇಡಂ: ಬೇಡ. ಇವತ್ತಿನಿಂದಲೇ ಅಲೆಗೆ ಒಯ್ಯಬೇಡಿ. ತನ್ನಿಂತಾನೇ ಬಳುಕು ಹೆಚ್ಚಾದ ಕಾರ್ಬನ್ ಶಾಫ್ಟ್ ಅಂದರೆ ಒಳಗೆ ಪದರ ಬಿಟ್ಟಿದೆ ಅಂತಲೇ ಲೆಕ್ಕ. ಕಾರ್ಬನ್ ಅಲ್ಯೂಮಿನಿಯಂ ಥರ ಬಗ್ಗಿ ಸೂಚನೆ ಕೊಡಲ್ಲ, ಪಟ್ ಅಂತ ಹೋಗುತ್ತೆ. ಮುರಿದ ತುದಿ ಸೂಜಿಗೊಂಚಲು. ಅದರ ಮೇಲೆ ಮುಖ ಕೊಟ್ಟು ಬೀಳೋದು ನೀವು.

ಸದ್ದು ಎಲ್ಲಿಂದ ಅಂತ ಹೀಗೆ ಹುಡುಕಿ. ಒಣಗಿಸಿ, ಮೊದಲು ಹ್ಯಾಂಡಲ್ ಹಿಡಿದು ತಿರುಚಿ. ಅಲ್ಲೇ ಟಿಕ್ ಅಂದರೆ ಬರೀ ಅಂಟು ಬಿಟ್ಟಿದೆ, ಅದು ಸಣ್ಣ ರಿಪೇರಿ. ಇಲ್ಲದಿದ್ದರೆ ನಾಣ್ಯ ತಗೊಂಡು ಶಾಫ್ಟ್ ಉದ್ದಕ್ಕೂ ಎರಡೆರಡು ಸೆಂ.ಮೀ.ಗೆ ಮೆತ್ತಗೆ ತಟ್ಟಿ, ಪೈಪನ್ನ ಸುತ್ತ ತಿರುಗಿಸುತ್ತಾ. ಗಟ್ಟಿ ಜಾಗ ಟಣ್ ಅನ್ನುತ್ತೆ, ಪದರ ಬಿಟ್ಟ ಜಾಗ ದಬ್ ಅನ್ನುತ್ತೆ. ಕುತ್ತಿಗೆಯಿಂದ ಮೇಲಕ್ಕೆ ಒಂದು ಗೇಣು, ಕೆಳಗಿನ ಕೈ ಹಿಡಿಯುವ ಜಾಗ, ನೀವು ಮಂಡಿ ಊರಿದ ಜಾಗ, ಈ ಮೂರನ್ನ ಬಿಡಬೇಡಿ. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಆ ಭಾಗ ಮುಳುಗಿಸಿ ಹಿಡಿಯಿರಿ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತೆ, ಬಿರುಕಿದ್ದರೆ ಸಣ್ಣ ಗುಳ್ಳೆಗಳ ಸಾಲು ಏಳುತ್ತೆ. ಕಣ್ಣಿಗೆ ಕಾಣದ ಕೂದಲೆಳೆ ಬಿರುಕೂ ಅಲ್ಲಿ ಸಿಕ್ಕಿಬೀಳುತ್ತೆ. ಗುಳ್ಳೆ ಬರಲಿಲ್ಲ ಅಂದ ಮಾತ್ರಕ್ಕೆ ಪಾಸ್ ಅಲ್ಲ. ಒಳಪದರ ಮಾತ್ರ ಬಿಟ್ಟಿದ್ದರೆ ಗಾಳಿ ಹೊರಗೆ ಬರಲ್ಲ. ನಾಣ್ಯದ ಮಾತೇ ಕೊನೆ. ದಬ್ ಅಂದಿದ್ದು ಶಾಫ್ಟ್ ಮಧ್ಯದಲ್ಲಿದ್ದರೆ ಆ ಶಾಫ್ಟ್ ಮುಗೀತು. ಹ್ಯಾಂಡಲ್ ಕಡೆಯ ತುದಿಯಲ್ಲಿದ್ದು ಕತ್ತರಿಸಿ ತೆಗೆಯೋಕೆ ಉದ್ದ ಉಳಿದಿದ್ದರೆ ಬದುಕುತ್ತೆ.

ಅಲೆಪ್ರಸಾದ: ಫಾರ್ವರ್ಡೆಡ್ 👇 *ಪ್ಯಾಡಲ್ ಬಳುಕ್ತಿದೆಯಾ? ಹ್ಯಾಂಡಲ್ ತೆಗೆದು ಪಿಯು ಫೋಮ್ ಸ್ಪ್ರೇ ತುಂಬಿ, ಉಕ್ಕಿನಂತೆ ಗಡಸು! ಗಡಸಾಗಿದೆಯಾ? 3 ದಿನ ಬಿಸಿಲಲ್ಲಿ ಇಡಿ, ಬೆಣ್ಣೆಯಂತೆ ಬಳುಕು!* ಎಲ್ಲ ಗ್ರೂಪಿಗೂ ಕಳಿಸಿ 🙏

ಶಾಫ್ಟ್ ಮೇಡಂ: ಫಾರ್ವರ್ಡ್ ಬೇಡ ಅಂದಿತ್ತು. ಆದರೂ ಉತ್ತರ ಕೊಡ್ತೀನಿ, ಯಾಕಂದ್ರೆ ಯಾರಾದರೂ ಮಾಡೇ ಮಾಡ್ತಾರೆ. ಕೊಳವೆಗೆ ಗಡಸುತನ ಬರೋದು ಗೋಡೆಯಿಂದ: ಅದರ ದಪ್ಪ, ಅದರ ವ್ಯಾಸ, ನಾರು ಯಾವ ದಿಕ್ಕಿಗಿದೆ ಅನ್ನೋದರಿಂದ. ಫೋಮಿನ ಗಡಸು ಕಾರ್ಬನ್ನಿನ ಸಾವಿರದಲ್ಲಿ ಒಂದು ಪಾಲೂ ಇಲ್ಲ. ತುಂಬಿದರೆ ಸಿಗೋದು ತೂಕ, ಆಮೇಲೆ ನೀರು ಹೀರಿ ಇನ್ನಷ್ಟು ತೂಕ, ಮುಂದೆ ಹ್ಯಾಂಡಲ್ ಹಾಕೋಕೆ ಜಾಗ ಇಲ್ಲ. (ನೀರು ಒಳಹೋಗದಿರಲಿ ಅಂತ ಕೆಲವರು ಒಳಗೆ ಸಣ್ಣ ಫೋಮ್ ಬಿರಡೆ ಇಟ್ಟಿರ್ತಾರೆ. ಅದು ಬೇರೆ.) ಬಿಸಿಲಿನ ಕಥೆ ಇನ್ನೂ ಕೆಟ್ಟದ್ದು. ನೇರಳಾತೀತ ಕಿರಣ ನಾರನ್ನ ಹಿಡಿದಿರೋ ರಾಳವನ್ನ ತಿನ್ನುತ್ತೆ, ಹ್ಯಾಂಡಲ್ ಹಿಡಿದಿರೋ, ಬಿಸಿ ಮಾಡಿ ಹಚ್ಚುವ ಅಂಟು ಕರಗುತ್ತೆ. ಬಿಸಿಲಲ್ಲಿ ನಿಂತ ಕಾರೊಳಗೆ ಬಿಟ್ಟ ಪ್ಯಾಡಲ್ ಹ್ಯಾಂಡಲ್ ಓರೆಯಾಗೋದು ಇದಕ್ಕೇ. ಡಿಲೀಟ್ ಮಾಡಿ.

ಅಲೆಪ್ರಸಾದ: ನಾನು ಬರೆದಿದ್ದಲ್ಲ ಮೇಡಂ, ಬಂದಿದ್ದನ್ನ ಹಾಕಿದೆ ಅಷ್ಟೇ.

ಹಳೇಬೋರ್ಡು: ಅದೇ ಸಮಸ್ಯೆ.

ಕಾರ್ಬನ್‌ಪ್ರಿಯ: ಫೋಮ್ ಬಿಡಿ. 3ಕೆ ಕಾರ್ಬನ್ ತಗೊಂಡರೆ ಗಡಸು ಗ್ಯಾರಂಟಿ. 12ಕೆ ಅದಕ್ಕಿಂತ ಗಡಸು.

ಶಾಫ್ಟ್ ಮೇಡಂ: 3ಕೆ ಅಂದರೆ ಒಂದು ನೂಲಿನ ಎಳೆಯಲ್ಲಿ 3,000 ತಂತು ಅಂತ. ಅದು ನೇಯ್ಗೆಯ ಲೆಕ್ಕ, ಗಡಸಿನ ದರ್ಜೆ ಅಲ್ಲ.

ಕಾರ್ಬನ್‌ಪ್ರಿಯ: ಮಾರುವವರೇ ಹಾಗೆ ಹೇಳ್ತಾರೆ.

ಹಳೇಬೋರ್ಡು: ಮಾರುವವರು ಇನ್ನೇನು ಹೇಳಬೇಕಿತ್ತು?

ಕಾರ್ಬನ್‌ಪ್ರಿಯ: ನಿಮ್ಮ ಪ್ಯಾಡಲ್ ಅಲ್ಯೂಮಿನಿಯಂದು ಅಂತ ಇಡೀ ಗ್ರೂಪಿಗೆ ಗೊತ್ತು. ಸುಮ್ಮನಿರಿ.

ಹಳೇಬೋರ್ಡು: ಗೊತ್ತಿರಲಿ. ಮುರಿಯೋ ಮುಂಚೆ ಬಗ್ಗುತ್ತೆ, ನಿಮ್ಮದರ ಹಾಗಲ್ಲ.

ಅಡ್ಮಿನ್: ಇಬ್ಬರಿಗೂ ಕೊನೆ ಎಚ್ಚರಿಕೆ.

ಉಪ್ಪುಗಾಳಿ: ಅಂಗಡಿಯಲ್ಲಿ ಗಡಸು ಅಳೆಯೋದು ಹೇಗೆ? ನೆಲಕ್ಕೆ ಒತ್ತಿ ನೋಡಿದರೆ ಸಾಕಾ?

ಶಾಫ್ಟ್ ಮೇಡಂ: ಒಳ್ಳೆ ಪ್ರಶ್ನೆ. ನೆಲಕ್ಕೆ ಒತ್ತಿದರೆ ಬ್ಲೇಡ್ ಬಾಗುತ್ತೋ ಶಾಫ್ಟ್ ಬಾಗುತ್ತೋ ತಿಳಿಯಲ್ಲ, ಅಂಚೂ ಹಾಳು. ಶಾಫ್ಟನ್ನ ಒಂದು ಮೀಟರ್ ಅಂತರದ ಎರಡು ಆಸರೆ ಮೇಲಿಟ್ಟು, ಮಧ್ಯಕ್ಕೆ 10 ಕೆ.ಜಿ. ತೂಗುಹಾಕಿ, ಎಷ್ಟು ಮಿ.ಮೀ. ಇಳಿಯಿತು ಅಳೆಯಿರಿ. ಒಂದೇ ಅಂತರ, ಒಂದೇ ತೂಕದಲ್ಲಿ ಎರಡು ಶಾಫ್ಟ್ ಹೋಲಿಸೋಕೆ ಮಾತ್ರ ಈ ಅಂಕಿ. ಒಬ್ಬ ತಯಾರಕರ ಫ್ಲೆಕ್ಸ್ (ಬಳುಕಿನ) ನಂಬರನ್ನ ಇನ್ನೊಬ್ಬರದಕ್ಕೆ ಹೋಲಿಸಬೇಡಿ, ಅಳೆಯುವ ರೀತಿ ಬೇರೆ ಇರುತ್ತೆ. ಯಾರಿಗೆ ಯಾವುದು: 65 ಕೆ.ಜಿ. ಒಳಗಿನವರು, ಕೀಲುನೋವಿನವರು ಮೃದುವಿನಿಂದ ಮಧ್ಯಮ. 85 ದಾಟಿದವರು, ಗಟ್ಟಿಯಾಗಿ ಎಳೆಯುವವರು ಗಡಸು. ತೀರಾ ಮೃದುವಾದರೆ ಅಲೆ ಮೇಲೆ ಪ್ಯಾಡಲ್ ಊರಿ ತಿರುಗುವಾಗ ಶಾಫ್ಟ್ ಮೊದಲು ಬಾಗಿ ಆಮೇಲೆ ಬೋರ್ಡ್ ತಿರುಗುತ್ತೆ. ಆ ಅರೆಕ್ಷಣದಲ್ಲಿ ಬಿದ್ದಿರ್ತೀರಿ.

ಪುಟ್ಟಅಲೆ: ಮಕ್ಕಳಿಗೆ ಶಾಫ್ಟ್ ಎಷ್ಟು ದಪ್ಪ ಇರಬೇಕು ಮೇಡಂ?

ತೆರೆನೊರೆ: ಮೇಡಂ, ತಟ್ಟಿ ನೋಡಿದೆ. ಹ್ಯಾಂಡಲ್‌ನಿಂದ 2 ಇಂಚು ಕೆಳಗೆ ಮಾತ್ರ ದಬ್. ಉಳಿದಿದ್ದೆಲ್ಲ ಟಣ್. ಗುಳ್ಳೆ ಇಲ್ಲ. ಈಗ ಉದ್ದ 76, ನನ್ನ ಎತ್ತರ 5 ಅಡಿ 7. ನಾನೇ ಕತ್ತರಿಸಬಹುದಾ?

ಶಾಫ್ಟ್ ಮೇಡಂ: ಅದೃಷ್ಟ ನಿಮ್ಮದು. 73 ಮಾಡಿ, ಎತ್ತರಕ್ಕೆ 6 ಜಾಸ್ತಿ, ಸರಿಯಾಗೇ ಕೂರುತ್ತೆ. ಆದರೆ ಶಾಫ್ಟ್ ಮೇಲಕ್ಕೆ ಸಣ್ಣಗಾಗುವಂಥದ್ದಾ ಅಂತ ಮೊದಲು ನೋಡಿ. ಹಾಗಿದ್ದರೆ 3 ಇಂಚು ಕೆಳಗೆ ಒಳವ್ಯಾಸ ಬೇರೆ, ಹ್ಯಾಂಡಲ್ ಲೊಡಲೊಡ ಅನ್ನುತ್ತೆ. ಹೊರವ್ಯಾಸವನ್ನ ಕ್ಯಾಲಿಪರಲ್ಲಿ ಎರಡು ಕಡೆ ಅಳೆಯಿರಿ.

ಹ್ಯಾಂಡಲ್ ತೆಗೆಯೋಕೆ ಹೇರ್ ಡ್ರೈಯರ್ ಇಲ್ಲವೇ ಬಿಸಿನೀರು. ಬೆಂಕಿ ಬೇಡ, ರಾಳ ಸಾಯುತ್ತೆ. ಅಂಟು ಮೆತ್ತಗಾದಾಗ ತಿರುಚುತ್ತಾ ಎಳೆಯಿರಿ. ಜಪ್ಪಯ್ಯ ಅಂದರೂ ಬರದಿದ್ದರೆ ಎಪಾಕ್ಸಿ ಅನ್ನೋ ಗಟ್ಟಿ ಅಂಟು ಹಾಕಿದ್ದಾರೆ, ಹೊಸ ಹ್ಯಾಂಡಲ್ ಲೆಕ್ಕ ಇಟ್ಟುಕೊಳ್ಳಿ. ಕತ್ತರಿಸುವ ಗೆರೆ ಸುತ್ತ ಮಾಸ್ಕಿಂಗ್ ಟೇಪ್ ಎರಡು ಸುತ್ತು. ಇಂಚಿಗೆ 32 ಹಲ್ಲಿನ ಗರಗಸ. ಒಂದೇ ಕಡೆಯಿಂದ ಆಚೆಗೆ ಕೊಯ್ಯಬೇಡಿ, ಕೊನೆಯ ನಾರು ಸಿಗಿದು ಬರುತ್ತೆ. ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಸುತ್ತಲೂ. ಎನ್95 ಮಾಸ್ಕ್, ಕನ್ನಡಕ, ಕೈಗವಸು, ನೀರು ಹಚ್ಚುತ್ತಾ ಕೊಯ್ಯಿರಿ, ಆ ಧೂಳು ಚರ್ಮಕ್ಕೂ ಶ್ವಾಸಕ್ಕೂ ಆಗಲ್ಲ. 120, ಆಮೇಲೆ 220 ಗ್ರಿಟ್ ಕಾಗದದಲ್ಲಿ ಅಂಚು ನಯ ಮಾಡಿ, ಸ್ಪಿರಿಟ್ಟಲ್ಲಿ ಒರೆಸಿ. ಉಳಿದ ತುದಿಯನ್ನ ಮತ್ತೊಮ್ಮೆ ನಾಣ್ಯದಲ್ಲಿ ತಟ್ಟಿ. ಇನ್ನೂ ದಬ್ ಅಂದರೆ ನಿಲ್ಲಿಸಿ.

ಅಂಟು ಹಾಕೋ ಮುಂಚೆ ಶಾಫ್ಟ್ ಒಳಗೆ ಹೋಗುವ ಹ್ಯಾಂಡಲ್ ಕಾಂಡಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಬಿಗಿಯಾಗಿ ಕೂರಿಸಿ, ನಿಂತ ನೀರಲ್ಲಿ ಅರ್ಧ ಗಂಟೆ ನೋಡಿ. ಟೇಪ್ ಮೇಲೆ ಅಲೆಗೆ ಇಳೀಬೇಡಿ, ಹ್ಯಾಂಡಲ್ ಕೈಯಲ್ಲಿ ಉಳಿದು ಪ್ಯಾಡಲ್ ಬೇರೆಯವರ ಕಡೆ ಹೋಗುತ್ತೆ.

ಕಾರ್ಬನ್‌ಪ್ರಿಯ: ಇಷ್ಟೆಲ್ಲ ರಗಳೆ ಯಾಕೆ, ಉದ್ದ ಏರಿಳಿಸೋ ಅಡ್ಜಸ್ಟೆಬಲ್ ತಗೊಳ್ಳಿ.

ಶಾಫ್ಟ್ ಮೇಡಂ: ಅಳತೆ ಕಂಡುಕೊಳ್ಳೋಕೆ ಒಳ್ಳೇದು. ದಿನಾ ಅಲೆಗೆ ಅಂದರೆ ಕ್ಲಾಂಪಿನೊಳಗೆ ಮರಳು, ಉಪ್ಪು. ಪ್ರತಿ ಸಲ ಬಿಚ್ಚಿ ಸಿಹಿನೀರಲ್ಲಿ ತೊಳೀತೀರಾ? ಇಲ್ಲ. ಮತ್ತೆ ಮುಂದಿನ ತಿಂಗಳು ನನ್ನ ಹತ್ತಿರ ‘ಜಾಮ್ ಆಗಿದೆ’ ಅಂತ ಬರ್ತೀರಿ.

ಉಪ್ಪುಗಾಳಿ: ಮೇಡಂ, ಬ್ಲೇಡಿನ ಓರೆ ಮುಂದಕ್ಕೋ ಹಿಂದಕ್ಕೋ?

ಶಾಫ್ಟ್ ಮೇಡಂ: ಮುಂದಕ್ಕೆ, ನಿಮ್ಮಿಂದ ಆಚೆಗೆ. ಅಲೆಗೆ 7ರಿಂದ 10 ಡಿಗ್ರಿ.

ಪುಟ್ಟಅಲೆ: ಮಕ್ಕಳ ಪ್ರಶ್ನೆಗೆ ಉತ್ತರ ಬರಲಿಲ್ಲ.

ನೊರೆಹಾಲು: ಎಲ್ಲರಿಗೂ ನಮಸ್ಕಾರ, ಈಗಷ್ಟೇ ಸೇರಿದೆ. ಎತ್ತರ 5 ಅಡಿ 6 ಇಂಚು, ಅಲೆಗೆ ಎಷ್ಟು ಉದ್ದದ ಪ್ಯಾಡಲ್ ಬೇಕು?

ಹಳೇಬೋರ್ಡು: 🙂

ಅಡ್ಮಿನ್: ಮೇಡಂ ಆಫ್‌ಲೈನ್. ಇನ್ನು ಹೊಸ ಪ್ರಶ್ನೆ ಬೇಡ. @ನೊರೆಹಾಲು, 70ರಿಂದ 72.