ಖಾಲಿ ತೋಟಾಗೆ ಮನೆಯಲ್ಲೇ ಮದ್ದು ತುಂಬಬಹುದಾ?

ಪ್ರಶ್ನೆ (ಮಳವಳ್ಳಿ ಕಡೆಯ ರೈತ):
ನಮಸ್ಕಾರ ಸರ್. ನಮ್ಮ ತಂದೆ ಕಾಲದ .315 ರೈಫಲ್ ಇದೆ, ಲೈಸೆನ್ಸ್ ಈಗ ನನ್ನ ಹೆಸರಿಗೆ ಆಗಿದೆ. ತೋಟಾ, ಅಂದರೆ ಅದಕ್ಕೆ ಹಾಕೋ ಕಾರ್ಟ್ರಿಜ್, ಸಿಗೋದೇ ಕಷ್ಟ, ಸಿಕ್ಕರೂ ರೇಟು ಜಾಸ್ತಿ. ಹೊಡೆದು ಉಳಿದ ಹಿತ್ತಾಳೆ ಖಾಲಿಗಳು ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಇವೆ. ಅಮೆರಿಕದವರು ಮನೆಯಲ್ಲೇ ತುಂಬಿಕೊಳ್ಳೋ ವಿಡಿಯೊ ನೋಡಿದೆ. ನಮ್ಮ ಕಡೆ ಜಾತ್ರೆಗೆ ಪಟಾಕಿ ಮಾಡುವವರು ಇದ್ದಾರೆ, ಲೇತ್ ಇಟ್ಟಿರುವ ಸ್ನೇಹಿತನೂ ಇದ್ದಾನೆ. ಸಿಕ್ಕಿದ ಸಾಮಾನಿನಲ್ಲೇ ಮಾಡಿಕೊಳ್ಳಬಹುದಾ?

ಉತ್ತರ (ಮೈಸೂರು, ಕೋವಿ ರಿಪೇರಿ ಕೆಲಸದವನು):
ಬೇಡ ತಮ್ಮಾ. ಕಾನೂನಿನ ಮಾತು ಆಮೇಲೆ, ಮೊದಲು ನಿಮ್ಮ ಕಣ್ಣಿನ ಮಾತು.

ಕೆಲವು ವರ್ಷದ ಹಿಂದೆ ಒಬ್ಬರು ರೈಫಲ್ ತಂದರು, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ತೆಗೆಯೋಕೇ ಬರುತ್ತಿರಲಿಲ್ಲ. ಏನಾಯ್ತು ಅಂದರೆ ಏನೂ ಇಲ್ಲ ಅಂದರು. ಬಿಡಿಸಿ ನೋಡಿದರೆ ಖಾಲಿಯ ಬುಡ ಒಡೆದು ಹಿತ್ತಾಳೆ ಒಳಗೇ ಮೆತ್ತಿಕೊಂಡಿತ್ತು, ಕೇಪು (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ) ಇದ್ದ ಜಾಗದಲ್ಲಿ ಬರೀ ತೂತು. ಆಮೇಲೆ ಒಪ್ಪಿಕೊಂಡರು, ಯಾರೋ ತುಂಬಿಕೊಟ್ಟ ತೋಟಾ ಅಂತ. ಅವರ ಹುಬ್ಬಿನ ಕೂದಲು ಸುಟ್ಟಿತ್ತು, ಕಣ್ಣು ಉಳಿದಿತ್ತು.

ಹಿತ್ತಾಳೆ ಬರೀ ಮದ್ದು ತುಂಬುವ ಡಬ್ಬಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ವಾಷರ್ ಕೆಲಸವನ್ನೂ ಮಾಡುತ್ತದೆ. ಗುಂಡು ಹೊಡೆದಾಗ ಅದು ಉಬ್ಬಿ ನಳಿಗೆಯ ಗೋಡೆಗೆ ಅಂಟಿ, ಗ್ಯಾಸ್ ಹಿಂದಕ್ಕೆ ಬರದ ಹಾಗೆ ಮುಚ್ಚುತ್ತದೆ. ಆಮೇಲೆ ಸ್ವಲ್ಪ ಕುಗ್ಗುತ್ತದೆ, ಅದಕ್ಕೇ ಹೊರಗೆ ಬರುತ್ತದೆ. ಹೀಗೆ ಹಿಗ್ಗಿ ಹಿಗ್ಗಿ ಬುಡದ ಹತ್ತಿರ ತೆಳ್ಳಗಾಗುತ್ತಾ ಹೋಗುತ್ತದೆ, ಅದು ಹೊರಗಿನಿಂದ ಕಾಣಿಸುವುದಿಲ್ಲ. ಒತ್ತಡ ಎಷ್ಟು ಗೊತ್ತಾ? ಕಾರಿನ ಟೈರಿಗೆ 32 ಹಾಕಿಸುತ್ತೀವಲ್ಲ, ಅದೇ ಲೆಕ್ಕದಲ್ಲಿ .30-06 ಅನ್ನೋ ಇನ್ನೊಂದು ಬಗೆಯ ರೈಫಲ್ಲಿಗೆ 60,000ದವರೆಗೆ ಮಿತಿ. ಇಂಥ ಒತ್ತಡ ಹುಟ್ಟೋದು ಕೆನ್ನೆಯಿಂದ ಒಂದು ಗೇಣು ದೂರದಲ್ಲಿ.

ಅಮೆರಿಕದವರು ಮಾಡುತ್ತಾರೆ, ನಿಜ, ಆದರೆ ಸಿಕ್ಕಿದ ಸಾಮಾನಿನಲ್ಲಿ ಅಲ್ಲ. ಅವರ ಹತ್ತಿರ ಹೆಸರಿರುವ ಮದ್ದು ಇರುತ್ತದೆ, ಅದೇ ಮದ್ದಿಗೆ, ಅದೇ ಗುಂಡಿಗೆ ಕಂಪನಿಯವರು ಪರೀಕ್ಷೆ ಮಾಡಿ ಕೊಟ್ಟ ಕೋಷ್ಟಕ ಇರುತ್ತದೆ. ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ, ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಮದ್ದು ಎಷ್ಟು ಹಾಕಿದ್ದೀವಿ ಅನ್ನೋದರ ಜೊತೆಗೆ ಅದು ಎಷ್ಟು ಬೇಗ ಉರಿಯುತ್ತದೆ ಅನ್ನೋದೂ ಮುಖ್ಯ. ಕಾಡತೂಸಿನ (ಛರ್ರೆ ಕೋವಿಯ ತೋಟಾ) ಮದ್ದು ಬೇಗ ಉರಿಯುತ್ತದೆ, ರೈಫಲ್ ಮದ್ದು ನಿಧಾನ. ಬರೀ ನೋಡಿ ಗುರುತು ಹಿಡಿಯೋಕೆ ಆಗಲ್ಲ. ಇನ್ನು ಪಟಾಕಿ ಮದ್ದು ಅಂದರೆ, ದಯವಿಟ್ಟು ಆ ಯೋಚನೆಯನ್ನೇ ಬಿಟ್ಟುಬಿಡಿ.

ಈಗ ಕಾನೂನು. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತೋಟಾ ತಯಾರಿಕೆಗೆ ಬೇರೆಯೇ ಲೈಸೆನ್ಸ್ ಬೇಕು. ನಿಮ್ಮ ಹತ್ತಿರ ಇರುವುದು ಇಟ್ಟುಕೊಳ್ಳುವ ಲೈಸೆನ್ಸ್ ಅಷ್ಟೇ. ಆ ಕಾಯ್ದೆಯಲ್ಲಿ 'ಮದ್ದುಗುಂಡು' ಅನ್ನೋ ಮಾತಿನೊಳಗೆ ತೋಟಾದ ಬಿಡಿಭಾಗ, ತೋಟಾ ಮಾಡುವ ಯಂತ್ರ ಎರಡೂ ಬರುತ್ತವೆ, ಹಾಗಾಗಿ ಲೇತ್ ಸ್ನೇಹಿತನೂ ಸಿಕ್ಕಿಕೊಳ್ಳುತ್ತಾನೆ. 2019ರ ತಿದ್ದುಪಡಿ ಆದ ಮೇಲೆ ಶಿಕ್ಷೆ ಕಡಿಮೆ ಅಂದರೆ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ಒಂದು ಹಾರ್ಲಿಕ್ಸ್ ಬಾಟಲಿಗೆ ಇಷ್ಟೆಲ್ಲ ಬೇಕಾ?

ಮರುಪ್ರಶ್ನೆ (ಪಾಂಡವಪುರ):
ಸರ್, ನಮ್ಮ ತಾತ ಕಬ್ಬಿನ ಗದ್ದೆ ಕಾಯೋಕೆ ಕೇಪಿನ ಕೋವಿಗೆ ತಾವೇ ಮದ್ದು ಹಾಕಿ ಗಿಡಿಯುತ್ತಿದ್ದರು. ಅದೂ ತಪ್ಪಾ?

ಉತ್ತರ:
ಇಲ್ಲ ಇಲ್ಲ, ಅದು ಬೇರೆ. ನಳಿಗೆಯ ಬಾಯಿಂದ ತುಂಬುವ ಕೋವಿಗೆ ಮದ್ದು ತುಂಬಿಯೇ ಹೊಡೆಯಬೇಕು, ಅದಕ್ಕೆ ತೋಟಾನೇ ಇಲ್ಲವಲ್ಲ. ಬೆಳೆ ಕಾಯುವುದಕ್ಕೆ ಆ ಕೋವಿಗೆ ಲೈಸೆನ್ಸ್ ಕೊಡುವ ಮಾತು ಕಾಯ್ದೆಯಲ್ಲೇ ಇದೆ. ಆದರೆ ಮದ್ದು, ಕೇಪು ಎರಡನ್ನೂ ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಳ್ಳಬೇಕು. ಅದಕ್ಕೆ ಕರಿಮದ್ದು ಮಾತ್ರ. ಕಾಡತೂಸು ಬಿಚ್ಚಿ ಅದರ ಹೊಗೆಯಿಲ್ಲದ ಮದ್ದು ಹಾಕಿದರೆ ನಳಿಗೆ ಬಾಳೆಹಣ್ಣಿನ ಸಿಪ್ಪೆ ಥರ ಸೀಳಬಹುದು. ಇನ್ನೊಂದು ಮಾತು, ಕೋವಿಗೆ ಲೈಸೆನ್ಸ್ ಇದೆ ಅಂತ ಕಾಡುಹಂದಿ ಹೊಡೆಯೋ ಹಾಗಿಲ್ಲ, ಅದಕ್ಕೆ ಅರಣ್ಯ ಇಲಾಖೆಯನ್ನು ಕೇಳಬೇಕು.

ಮೊದಲು ಕೇಳಿದವರು:
ಆಯ್ತು ಸರ್, ಬಿಟ್ಟೆ. ಆದರೆ ತಂದೆ ಕಾಲದ ಹತ್ತು ತುಂಬಿದ ತೋಟಾ ಬೀರುವಿನಲ್ಲಿವೆ. ಅವು ನಡೆಯುತ್ತಾವಾ?

ಉತ್ತರ:
ಹಸಿರು ಕಿಲುಬು ಹಿಡಿದಿದ್ದರೆ, ಕತ್ತಿನಲ್ಲಿ ಬಿರುಕು ಇದ್ದರೆ, ಗುಂಡು ಅಲ್ಲಾಡುತ್ತಿದ್ದರೆ ಹೊಡೆಯಬೇಡಿ. ಉಜ್ಜಿ ಹೊಳಪು ಮಾಡೋಕೂ ಹೋಗಬೇಡಿ, ಎಣ್ಣೆ ಬಿಡಬೇಡಿ, ಎಣ್ಣೆ ಕೇಪಿನೊಳಗೆ ಇಳಿದರೆ ತೋಟಾ ಠುಸ್ ಆಗಬಹುದು. ಹಾಗೆ ಠುಸ್ ಆದರೆ ತಕ್ಷಣ ಬೋಲ್ಟ್ ಎಳೆಯಬಾರದು, ಕೆಲವು ತಡವಾಗಿ ಹಾರುತ್ತವೆ. ನಳಿಗೆಯನ್ನು ಗುರಿ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ.

ಆ ಹತ್ತೂ ನಿಮ್ಮ ಲೈಸೆನ್ಸ್ ಪುಸ್ತಕದಲ್ಲಿ ಬರೆದಿವೆಯಾ ನೋಡಿ. ಇಲ್ಲದಿದ್ದರೆ ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ಮೊದಲು ಫೋನ್ ಮಾಡಿ ಹೇಳಿ ಹೋಗಿ, ಸುಮ್ನೆ ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಬೇಡಿ. ಬರುವಾಗ ರೈಫಲ್ ಖಾಲಿ ಮಾಡಿ ತನ್ನಿ, ಬೋಲ್ಟ್ ಒಂದು ಸಲ ನೋಡಿಬಿಡೋಣ.