ಮುಖ ಜಿಡ್ಡು ಜಿಡ್ಡು, ಆದ್ರೂ ಬಿಗಿಯುತ್ತೆ. ಏನು ಹಚ್ಚಬೇಕು?

ಶಕ್ತಿನಗರ_ಬೈಕ್:
ನಮಸ್ಕಾರ ಎಲ್ಲರಿಗೂ. ಶಕ್ತಿನಗರದಿಂದ ರಾಯಚೂರಿಗೆ ದಿನಾ ಬೈಕಲ್ಲೇ ಓಡಾಟ. ಆಫೀಸಲ್ಲಿ ಎಸಿ, ರೂಮಲ್ಲಿ ಬೋರಿನ ಸೌಳು ನೀರು. ಸಂಜೆ ಮುಖ ತೊಳೆದರೆ ನಗೋಕೂ ಆಗದಷ್ಟು ಬಿಗಿಯುತ್ತೆ. ಸ್ವಲ್ಪ ಹೊತ್ತಿಗೇ ಹಣೆ, ಮೂಗು ಜಿಡ್ಡಾಗಿ ಹೊಳೆಯುತ್ತೆ, ಗಲ್ಲ ಮಾತ್ರ ಬಾಡಿದ ಹಾಗೇ ಇರುತ್ತೆ. ಕ್ರೀಮ್ ಹಚ್ಚಿದರೆ ಉರಿ. ಮೊಡವೆಗೆ ಅಂತ ಸ್ಯಾಲಿಸಿಲಿಕ್ ಆಸಿಡ್ ಫೇಸ್‌ವಾಶ್ ದಿನಕ್ಕೆ ಮೂರು ಸಲ ಹಾಕ್ತೀನಿ, ಭಾನುವಾರ ಸ್ಕ್ರಬ್. ಅಮ್ಮ ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ. ಜಿಡ್ಡು ಮುಖಕ್ಕೆ ಎಣ್ಣೆನಾ?

ಬಳ್ಳಾರಿ_ಬಿಸಿಲು:
ನೀರು ಕುಡೀರಿ ಸರ್, ದಿನಕ್ಕೆ ನಾಲ್ಕು ಲೀಟರ್. ಎಲ್ಲಾ ಸರಿಹೋಗುತ್ತೆ.

ಗಂಗಾವತಿ_ಅಕ್ಕ:
ನಮ್ಮ ಬಿಸಿಲಿಗೆ ನೀರು ಕುಡಿಯಲೇಬೇಕು, ಸರಿ. ಆದರೆ ಇದು ಬರೀ ಕುಡಿದು ಹೋಗೋ ತೊಂದರೆ ಅಲ್ಲ. ಚರ್ಮದ ಮೇಲ್ಪದರದಿಂದ ನೀರು ಆರಿ ಹೋಗ್ತಿದೆ, ಅದನ್ನು ತಡೆಯಬೇಕು.

ತಮ್ಮಾ, ಎಣ್ಣೆ ಕಮ್ಮಿ ಇರೋ ಚರ್ಮ ಬೇರೆ, ನೀರು ಕಮ್ಮಿ ಇರೋ ಚರ್ಮ ಬೇರೆ. ಮೊದಲನೆಯದು ಬಹುಪಾಲು ಹುಟ್ಟಿನಿಂದ ಬಂದ ಗುಣ. ಎರಡನೆಯದು ಯಾರಿಗೂ ಬರಬಹುದು, ಜಿಡ್ಡು ಮುಖದವರಿಗೂ. ಕನ್ನಡಿ ಮುಂದೆ ನಿಂತು ಗಲ್ಲವನ್ನು ಎರಡು ಬೆರಳಿಂದ ಮೆಲ್ಲಗೆ ಒತ್ತಿ ನೋಡು. ಬಟರ್ ಪೇಪರ್ ಮುದುರಿದ ಹಾಗೆ ಸಣ್ಣ ಸಣ್ಣ ಗೆರೆ ಕಂಡು, ತೊಳೆದ ಮೇಲೆ ಬಿಗಿತ, ಕ್ರೀಮಿಗೆ ಉರಿ ಎಲ್ಲಾ ಸೇರಿದರೆ ಬಹುಪಾಲು ನೀರಿನ ಕೊರತೆನೇ.

ಮೊದಲು ನಿಲ್ಲಿಸಬೇಕಾದ್ದು: ಸ್ಕ್ರಬ್ ಪೂರ್ತಿ ಬಂದ್. ಸ್ಯಾಲಿಸಿಲಿಕ್‌ಗೂ ಎರಡು ಮೂರು ವಾರ ರಜೆ. ನಿಂಬೆರಸ, ಅಡುಗೆ ಸೋಡಾ ಅಂತ ಯಾರಾದ್ರೂ ಹೇಳಿದರೆ ಕೇಳಬೇಡ. ಮೈ ಸೋಪು ಮುಖಕ್ಕೆ ಬೇಡವೇ ಬೇಡ. ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ) 9-10, ಅಂದ್ರೆ ಕ್ಷಾರ; ಚರ್ಮದ್ದು 5ರ ಆಸುಪಾಸು, ಸ್ವಲ್ಪ ಹುಳಿ. ಅದರ ಮೇಲೆ ಸೌಳು ನೀರು ಬೇರೆ. ಬಕೆಟ್ಟಿಗೆ ಬಿಳಿ ಕರೆ ಕಟ್ಟುತ್ತಲ್ಲ, ಆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಅಂಟು ಕೊಳೆಯಾಗಿ ಮುಖದ ಮೇಲೇ ಕೂರುತ್ತೆ. ಸೋಪಿಲ್ಲದ ಮೆದು ಕ್ಲೆನ್ಸರ್ ತಗೋ, ರಾತ್ರಿ ಒಂದು ಸಲ ಸಾಕು. ಬೆಳಿಗ್ಗೆ ಬರೀ ನೀರು. ಆದರೆ ಕೊನೆಗೆ ಒಂದು ಮಗ್ ಕ್ಯಾನ್ ನೀರಲ್ಲಿ ತೊಳೆದುಕೋ.

ಆಮೇಲೆ ಒರೆಸೋದು. ಟವೆಲಲ್ಲಿ ಉಜ್ಜಬೇಡ, ಒತ್ತಿಕೋ. ಮುಖ ಇನ್ನೂ ಹಸಿಯಾಗಿರುವಾಗಲೇ ಗ್ಲಿಸರಿನ್, ಸೆರಾಮೈಡ್ (ಚರ್ಮದಲ್ಲೇ ಇರೋ ಕೊಬ್ಬಿನಂಥ ಅಂಶ) ಇರೋ, ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅರ್ಧ ಉಪಯೋಗ ಹೋದ ಹಾಗೆ. ನೀರು ಹಿಡಿದಿಡೋದು ಗ್ಲಿಸರಿನ್ ಕೆಲಸ, ಆ ನೀರು ಆರದ ಹಾಗೆ ಮೇಲೆ ಸೆರಾಮೈಡಿನಂಥದ್ದರ ಮುಚ್ಚಳ ಬೇಕು. ಬರೀ ಗ್ಲಿಸರಿನ್ ಹಚ್ಚಿ ಒಣ ಗಾಳಿಗೆ ಹೋದರೆ ಇನ್ನೂ ಬಿಗಿಯಬಹುದು. ಅಮ್ಮನ ಕೊಬ್ಬರಿ ಎಣ್ಣೆ ಕೈ ಕಾಲಿಗೆ ಚೆನ್ನ. ಮುಖಕ್ಕೆ ಬೇಡ, ನಿನಗೆ ಮೊಡವೆ ಇದೆ.

ಶಕ್ತಿನಗರ_ಬೈಕ್:
ಥ್ಯಾಂಕ್ಸ್ ಅಕ್ಕಾ. ಗಲ್ಲ ಒತ್ತಿ ನೋಡಿದೆ, ಗೆರೆ ಬರ್ತಿವೆ. ಸನ್‌ಸ್ಕ್ರೀನ್ ಜಿಡ್ಡಾಗಲ್ವಾ? ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟಿದ್ದಾರೆ, ಬೇಗ ಬೆಳ್ಳಗಾಗುತ್ತೆ ಅಂತ. ಅದನ್ನೂ ಹಚ್ಚಲಾ?

ಗಂಗಾವತಿ_ಅಕ್ಕ:
ಆ ಟ್ಯೂಬಿನ ಹಿಂಭಾಗ ಓದು. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಮುಖದ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಇನ್ನೂ ಏಳುತ್ತೆ. ಡಾಕ್ಟರ್ ಹೇಳದೆ ಮುಟ್ಟಬೇಡ. ಈಗಾಗಲೇ ಹಚ್ಚುತ್ತಿದ್ದರೆ, ನಿಲ್ಲಿಸೋದನ್ನೂ ಡಾಕ್ಟರನ್ನೇ ಕೇಳು.

ಸನ್‌ಸ್ಕ್ರೀನ್ ಜೆಲ್ ತಗೋ, ಎಸ್‌ಪಿಎಫ್ 30ಕ್ಕಿಂತ ಕಮ್ಮಿ ಬೇಡ. ಬೈಕಲ್ಲಿ ಮುಖಕ್ಕೆ ಹತ್ತಿ ಬಟ್ಟೆ ಕಟ್ಟು. ಬಿಸಿಗಾಳಿ ನೇರ ಹೊಡೆಯೋದು ತಪ್ಪುತ್ತೆ. ಎಸಿ ಗಾಳಿ ಮುಖಕ್ಕೆ ಬೀಳದ ಹಾಗೆ ಕೂತ್ಕೋ. ರೂಮಲ್ಲಿ ನೀರಿನ ಕೂಲರ್ ಇದ್ದರೆ ಒಳ್ಳೆಯದೇ, ಗಾಳಿಗೆ ತೇವ ಸೇರುತ್ತೆ.

ಬಳ್ಳಾರಿ_ಬಿಸಿಲು:
ನಾಲ್ಕು ಲೀಟರ್ ವಾಪಸ್ ತಗೊಂಡೆ ಅಕ್ಕಾರೆ 😄 ಎಷ್ಟು ದಿನಕ್ಕೆ ಸರಿಹೋಗುತ್ತೆ?

ಗಂಗಾವತಿ_ಅಕ್ಕ:
ಬಿಗಿತ ಕೆಲವೇ ದಿನಕ್ಕೆ ಇಳಿಯಬೇಕು. ಉರಿ ಹೋಗೋಕೆ ಎರಡರಿಂದ ನಾಲ್ಕು ವಾರ ಹಿಡಿಯಬಹುದು. ಅಷ್ಟರಲ್ಲೂ ಹೊಟ್ಟು ಏಳ್ತಿದ್ದರೆ, ಬಿರಿದು ನೀರು ಸೋರಿದರೆ, ರಾತ್ರಿ ನಿದ್ದೆ ಕೆಡೋ ಹಾಗೆ ತುರಿಸಿದರೆ ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿಬಿಡಿ. ಹೋಗುವಾಗ ಆ ಟ್ಯೂಬೂ ಜೇಬಲ್ಲಿರಲಿ.